ಕರಾರಿನ ಇಂಟರ್ನ್‌ಶಿಪ್: ಬಳಸುವ ವಿಧಾನ

ನೀವು ತಂದುಕೊಂಡಿರುವುದು ಕಲಬುರಗಿ–ಕಮಲಾಪುರ ಮಾದರಿ. ಬಳಸುವ ಮುನ್ನ ಸಾಮಾನೆಲ್ಲ ಬಂದಿದೆಯೇ ನೋಡಿಕೊಳ್ಳಿ. ಕೊರಳಿಗೆ ಹಾಕುವ ಗುರುತಿನ ಚೀಟಿ ಒಂದು, ಹೆಸರಿನಲ್ಲಿ ಒಂದಕ್ಷರ ತಪ್ಪಿರುತ್ತದೆ. ಕುರ್ಚಿ ಒಂದು, ಇಬ್ಬರಿಗೆ. ಛಾಪಾ ಕಾಗದದ ಕರಾರುಪತ್ರದ ಝೆರಾಕ್ಸ್ ಒಂದು, ಕೊನೆಯ ಪುಟ ಇಲ್ಲದ್ದು. ಕೆಲಸ ಇದರೊಳಗೆ ಸೇರಿಲ್ಲ. ಟಾರ್ಚಿನ ಸೆಲ್ಲಿನ ಹಾಗೆ ಅದನ್ನು ಬೇರೆ ಹೊಂದಿಸಿಕೊಳ್ಳಬೇಕು.

ಈ ಮಾದರಿಗೆ ಈಗ ಗಿರಾಕಿ ಬಹಳ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ ಕೊನೆಯ ವರ್ಷದ ಇಂಟರ್ನ್‌ಶಿಪ್ 14ರಿಂದ 20 ವಾರ, ಅದಕ್ಕೆ 10 ಕ್ರೆಡಿಟ್. ಕಲಬುರಗಿಯಲ್ಲಿ ಕಾಲೇಜುಗಳಿಗೆ ಬರವಿಲ್ಲ. ಪಿಡಿಎ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1958ರಲ್ಲಿ. ಬರ ಇರುವುದು ಕಂಪನಿಗಳಿಗೆ. ಊರಲ್ಲಿ ದಾಲ್ ಮಿಲ್ಲುಗಳಿವೆ, ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳಿವೆ, ವರ್ಷಕ್ಕೆ ಹೊರಬೀಳುವ ಅಷ್ಟೂ ಮಂದಿಗೆ ಅವು ಎಲ್ಲಿ ಸಾಕು? ಬೆಂಗಳೂರಿಗೆ ಹೋದರೆ ಪಿಜಿ ಬಾಡಿಗೆ ಯಾರು ಕೊಡಬೇಕು? ಹೀಗಿರುವಾಗ "ಕಮಲಾಪುರದಾಗ ಒಂದು ಜಾಗಾ ಅದ ನೋಡ್ರಿ, ಸಹಿ ಮಾಡಿದ್ರ ನಾಳಿಂದನೇ ಬರ್ರಿ" ಎಂದವರ ಮುಂದೆ ಕೈ ತಾನಾಗಿ ಪೆನ್ನು ಹುಡುಕುತ್ತದೆ. ಈ ಕೈಪಿಡಿ ಆ ಪೆನ್ನಿನ ಕ್ಯಾಪು ಹಾಕಿದ ಮೇಲಿನದು.

ಜೋಡಣೆ. ಕೇಂದ್ರ ಬಸ್ ನಿಲ್ದಾಣದಲ್ಲಿ ಹುಮನಾಬಾದ್ ಇಲ್ಲವೇ ಬೀದರ್ ಬಸ್ಸು ಹತ್ತಿ. ಕಮಲಾಪುರ ಸುಮಾರು 35 ಕಿಲೋಮೀಟರ್. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹುಡುಗಿಯರಿಗೆ ಟಿಕೆಟ್ ದುಡ್ಡಿಲ್ಲ, ಸ್ಟೈಪೆಂಡ್ ಕೊಡದ ಕಡೆಯೂ ಅವರ ಕೈಯಿಂದ ಹೋಗುವುದು ಚಹಾದ ದುಡ್ಡಷ್ಟೆ. ಹುಡುಗರ ಸ್ಟೈಪೆಂಡು ಬಸ್ಸಿನಲ್ಲೇ ಕರಗುತ್ತದೆ. ಬಳಿಕ ಸಮಯದ ಕಲಂ ನೋಡಿ. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿಯಿದೆ. ಸರ್ಕಾರಕ್ಕೂ ಬಿಸಿಲು ತಾಗುತ್ತದೆ, ಕರಾರುಪತ್ರಕ್ಕೆ ತಾಗುವುದಿಲ್ಲ. ಅದರಲ್ಲಿ 9.30ರಿಂದ 6 ಎಂದು ಬರೆದಿದ್ದರೆ ಅಷ್ಟು ಹೊತ್ತು ಫ್ಯಾನಿನ ಕೆಳಗೆ ಕೂತಿರಬೇಕು, ಕರೆಂಟ್ ಇದ್ದರೂ ಇಲ್ಲದಿದ್ದರೂ.

ಮೊದಲ ವಾರದ ಲಕ್ಷಣಗಳು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಮಲಾಪುರ ಕೆಂಪು ಬಾಳೆಯ ಮಾರುಕಟ್ಟೆ ವಿಶ್ಲೇಷಣೆ ಮಾಡಿಸುತ್ತೇವೆ, ಸಾಫ್ಟ್‌ವೇರ್ ಕಲಿಸುತ್ತೇವೆ ಎಂದಿದ್ದರು. ಕೊಟ್ಟದ್ದು ಮೂರು ವರ್ಷದ ಹಳೆ ಬಿಲ್ಲುಗಳ ಗಂಟು, ಎಕ್ಸೆಲ್ಲಿಗೆ ಏರಿಸಲು. ಕಲಿಸುವ ಸಾಹೇಬರು ಎಲ್ಲಿ ಎಂದು ಕೇಳಿದರೆ ಹೀಗೆ ಸದ್ದು ಬರುತ್ತದೆ:

"ಸರ್ ಕಲಬುರಗಿಗಿ ಹೋಗ್ಯಾರ್ರಿ."

"ನಾ ಕಲಬುರಗಿಂದನೇ ಬಂದೀನ್ರಿ."

"ಹಂಗಾದ್ರ ದಾರ್‍ಯಾಗ ಭೆಟ್ಟಿ ಆಗಿರಬೇಕಲ್ರಿ ಮತ್ತ?"

ಈ ಸದ್ದು ಸಹಜ. ಯಂತ್ರ ಕೆಟ್ಟಿಲ್ಲ, ಅದು ಇರುವುದೇ ಹಾಗೆ.

ಎಚ್ಚರಿಕೆ: ಸಿಟ್ಟಿನಲ್ಲಿ ಹೋಗುವುದನ್ನು ನಿಲ್ಲಿಸಬೇಡಿ. ಹೇಳದೆ ಕೇಳದೆ ನಿಂತರೆ ಕರಾರು ಮುರಿದವರು ನೀವಾಗುತ್ತೀರಿ, ಕಲಿಸದವರಲ್ಲ. ಅರ್ಧರಾತ್ರಿಯಲ್ಲಿ ವಾಟ್ಸಾಪ್ ಸ್ಟೇಟಸ್ ಹಾಕುವುದೂ ಬೇಡ.

ಈಗ ಕರಾರುಪತ್ರ. ಇಲ್ಲಿ ಅವಸರ ಮಾಡಬೇಡಿ, ಬಸ್ಸಿನಲ್ಲಿ ಓದಬೇಡಿ. ಮೊದಲು ಆ ಕಾಣೆಯಾದ ಕೊನೆಯ ಪುಟ ಕೇಳಿ ತರಿಸಿಕೊಳ್ಳಿ. ಅಪ್ಪನ ಸಹಿ ಅದರಲ್ಲಿದೆ. ಸಹಿಯ ಕೆಳಗೆ 'ಸಾಕ್ಷಿ' ಎಂದು ಟೈಪಾಗಿದ್ದರೆ ನಿಶ್ಚಿಂತೆ. 'ಜಾಮೀನುದಾರ' ಎಂದಿದ್ದರೆ ಕೂತುಕೊಂಡು ಓದಿ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಬೇರೆ ಏನೂ ಬರೆದಿರದಿದ್ದರೆ, ಜಾಮೀನು ನಿಂತವನ ಹೊಣೆ ಅಸಲು ಹೊಣೆಗಾರನಷ್ಟೇ. ಮಗ ಬಿಲ್ಲು ಏರಿಸಲು ಬೇಸರಪಟ್ಟದ್ದಕ್ಕೆ ಅಪ್ಪನಿಗೆ ನೋಟಿಸು ಬರುವುದು ಈ ಒಂದು ಪದದಿಂದ. ಡಿಪ್ಲೊಮಾ ಓದುವವರು ತಮ್ಮ ಜನ್ಮದಿನಾಂಕವನ್ನೂ ನೋಡಿಕೊಳ್ಳಲಿ. 18 ತುಂಬದವರು ಮಾಡಿಕೊಂಡ ಕರಾರು ಅವರನ್ನು ಕಟ್ಟಿಹಾಕಲಾರದು ಎಂದು ಪ್ರೀವಿ ಕೌನ್ಸಿಲ್ 1903ರಲ್ಲೇ ಹೇಳಿದೆ.

ನಡುವೆ ಬಿಟ್ಟರೆ ಐವತ್ತು ಸಾವಿರ ಕಟ್ಟಬೇಕು ಎಂಬ ಸಾಲು ಎಲ್ಲರಿಗೂ ಮೊದಲು ಕಾಣುತ್ತದೆ, ಏಕೆಂದರೆ ಅದನ್ನು ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ಅದೇ ಕಾಯ್ದೆಯ 74ನೇ ಕಲಮಿನಲ್ಲಿ ಆ ಮೊತ್ತ ಒಂದು ಮೇಲ್ಮಿತಿ ಮಾತ್ರ. ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರ. ಒಬ್ಬ ಇಂಟರ್ನ್ ಹೋದದ್ದರಿಂದ ಹಳೆ ಬಿಲ್ಲುಗಳಿಗೆ ಎಷ್ಟು ನಷ್ಟವಾಯಿತು ಎಂದು ಲೆಕ್ಕ ಹಾಕುವುದು ಯಾವ ವಕೀಲರಿಗೂ ಕಷ್ಟವೇ. ಹಾಗೆಂದು "ಬಾಂಡ್ ಗಿಂಡ್ ಎಲ್ಲಾ ಸುಳ್ಳು" ಎನ್ನುವ ಹಾಸ್ಟೆಲ್ ಮಿತ್ರನನ್ನು ನಂಬಬೇಡಿ. ನಮ್ಮದೇ ರಾಜ್ಯದ ವಿಜಯಾ ಬ್ಯಾಂಕಿನಲ್ಲಿ ಒಬ್ಬ ಸೀನಿಯರ್ ಮ್ಯಾನೇಜರ್ ಮೂರು ವರ್ಷ ಇರುತ್ತೇನೆಂದು 2 ಲಕ್ಷ ರೂಪಾಯಿಯ ಬಾಂಡ್ ಕೊಟ್ಟು, 2009ರಲ್ಲಿ ಬೇರೆ ಬ್ಯಾಂಕಿಗೆ ಹೊರಟರು. ಹಣ ಕಟ್ಟಿಯೇ ಹೋದರು, ಆಮೇಲೆ ವಾಪಸ್ ಕೇಳಿದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. ಸುಪ್ರೀಂ ಕೋರ್ಟ್ 2025ರ ಮೇ 14ರಂದು ಆ ತೀರ್ಪನ್ನು ತಿರುಗಿಸಿ ಬಾಂಡ್ ಸರಿ ಎಂದಿತು. ಸಾರ್ವಜನಿಕ ಬ್ಯಾಂಕು ನೇಮಕಾತಿಗೆ ಖರ್ಚು ಮಾಡಿದೆ, ಆ ಹುದ್ದೆಯ ಸಂಬಳಕ್ಕೆ 2 ಲಕ್ಷ ಅತಿಯಲ್ಲ ಎಂಬುದು ಅಲ್ಲಿನ ತರ್ಕ. ಅದನ್ನೇ ನಿಮಗೆ ಹಚ್ಚಿ ನೋಡಿ: ನಿಮ್ಮ ಮೇಲೆ ಅವರು ಖರ್ಚು ಮಾಡಿದ್ದೇನು? ಗುರುತಿನ ಚೀಟಿ, ದಿನಕ್ಕೆರಡು ಚಹಾ.

ಮಾರ್ಕ್ಸ್ ಕಾರ್ಡಿನ ಅಸಲು ಪ್ರತಿ ಕೊಟ್ಟಿದ್ದರೆ ಇಂದೇ ಕಾಲೇಜಿಗೆ ಬೇಕೆಂದು ಹೇಳಿ ಬಿಡಿಸಿಕೊಳ್ಳಿ. ಅದಕ್ಕೆ ಕಲಂ ನೋಡುತ್ತ ಕೂಡಬೇಡಿ.

ಇಷ್ಟೆಲ್ಲ ಓದಿದರೂ ಜನ ತಪ್ಪಿಸುವ ಪುಟ ಒಂದಿದೆ: ಅನುಬಂಧ. ವಿದ್ಯಾರ್ಥಿಗೆ ಏನು ಕಲಿಸಲಾಗುವುದು, ಯಾರು ಕಲಿಸುತ್ತಾರೆ ಎಂದು ಸಂಸ್ಥೆಯೇ ಬರೆದುಕೊಟ್ಟಿರುವುದು ಅಲ್ಲಿ. ಕರಾರೆಂದರೆ ತಮಗೆ ಹಾಕಿದ ಹಗ್ಗವೆಂದೇ ಹುಡುಗರು ತಿಳಿಯುತ್ತಾರೆ, ಅದರ ಇನ್ನೊಂದು ತುದಿ ಮಾಲಕರ ಕಾಲಿಗಿದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ. ನನ್ನ ಪ್ರಕಾರ ಇಡೀ ಯಂತ್ರದಲ್ಲಿ ಕೆಲಸ ಮಾಡುವ ಗುಂಡಿ ಇದೊಂದೇ. ಒತ್ತುವ ಕ್ರಮವೂ ಇದೆ. ಜಗಳದ ಭಾಷೆ ಬೇಡ, ವಿನಂತಿಯ ಭಾಷೆಯಲ್ಲಿ ಈಮೇಲ್ ಬರೆಯಿರಿ: "ಅನುಬಂಧದ ಎರಡನೇ ಅಂಶದಂತೆ ಸಾಫ್ಟ್‌ವೇರ್ ತರಬೇತಿ ಯಾವ ವಾರದಿಂದ ಎಂದು ದಯವಿಟ್ಟು ತಿಳಿಸಬೇಕು, ಕಾಲೇಜಿನ ಡೈರಿಯಲ್ಲಿ ತುಂಬಬೇಕಾಗಿದೆ." ಕಾಲೇಜಿನ ಗೈಡ್‌ಗೆ ಒಂದು ಪ್ರತಿ. ದಿನಾ ಮಾಡಿದ ಕೆಲಸವನ್ನು ಡೈರಿಯಲ್ಲಿ ಇದ್ದ ಹಾಗೆ ಬರೆದು ವಾರಕ್ಕೊಮ್ಮೆ ಸಹಿ ಕೇಳಿ. 'ಬಿಲ್ ಎಂಟ್ರಿ, ಬಿಲ್ ಎಂಟ್ರಿ, ಬಿಲ್ ಎಂಟ್ರಿ' ಎಂಬ ಪುಟದ ಕೆಳಗೆ ಸಹಿ ಹಾಕಲು ಎಂಥ ಸಾಹೇಬರಿಗೂ ಮುಜುಗರವಾಗುತ್ತದೆ. ಆಗ ಅವರು ಕಲಬುರಗಿಯಿಂದ ಬರುತ್ತಾರೆ.

ಬರದಿದ್ದರೆ? ಆ ಬಿಲ್ಲುಗಳನ್ನೇ ಓದಿ. ಯಾವ ತಿಂಗಳಲ್ಲಿ ಕೆಂಪು ಬಾಳೆ ಯಾವ ದರಕ್ಕೆ ಹೋಯಿತು, ಯಾರು ಪ್ರತಿ ಸಲ ತಡವಾಗಿ ದುಡ್ಡು ಕೊಟ್ಟರು ಎಂಬುದೆಲ್ಲ ಅದರೊಳಗಿದೆ. ಸಂಜೆ ಬಸ್ಸಿಗೆ ಮುನ್ನ ತೋಟದ ಕಡೆ ಹೋಗಿ ರೈತರನ್ನು ಕೇಳಿ. ಈ ಬಾಳೆ ಸಾದಾ ಬಾಳೆಗಿಂತ ಯಾಕೆ ನಿಧಾನ ಎಂದು ಯಾವ ಟ್ರೈನರ್‌ಗಿಂತಲೂ ಚೆನ್ನಾಗಿ ಹೇಳುತ್ತಾರೆ. ನೀವು ಸೇರಿದ ದಿನ ನೆಟ್ಟ ಕಂದು ನಿಮ್ಮ 20 ವಾರ ಮುಗಿದರೂ ಗೊನೆ ಹಾಕಿರುವುದಿಲ್ಲ. ರಿಪೋರ್ಟಿಗೆ ಬೇಕಾದದ್ದು ಅಲ್ಲಿ ಸಿಗುತ್ತದೆ. ಸಂಸ್ಥೆಯ ಲೆಕ್ಕ ಹೊರಗೆ ಹೇಳಬಾರದೆಂಬ ಕಲಂ ಇದ್ದರೆ ಮಾತ್ರ ಹೆಸರು, ಮೊತ್ತ ಬಿಟ್ಟು ಬರೆಯಿರಿ.

ಕೊನೆಯ ವಾರ ಸರ್ಟಿಫಿಕೇಟು. ಸಹಿ ಇದ್ದರೆ ಸೀಲ್ ಇರುವುದಿಲ್ಲ, ಸೀಲ್ ಇದ್ದರೆ ಇಂಕ್ ಪ್ಯಾಡ್ ಒಣಗಿರುತ್ತದೆ. ಪ್ಯಾಡ್ ನೀವೇ ಒಯ್ಯಿರಿ. ಸರ್ಟಿಫಿಕೇಟು ಕೈಗೆ ಬಂದ ಗಳಿಗೆಗೇ ಮಾಲಕರು ಚಹಾ ತರಿಸಿ, "ಭಾಳ ಛಂದ ಕೆಲಸ ಮಾಡೀರಿ ತಮ್ಮಾ, ನಿಮ್ಮ ಜೂನಿಯರ್ ಮಂದಿ ನಂಬರ್ ಕೊಡ್ರಿ" ಎನ್ನುತ್ತಾರೆ. ಚಹಾ ಕುಡಿಯಿರಿ. ಕಲಿಸುವವರ ಹೆಸರು, ವಾರಕ್ಕೆ ಎಷ್ಟು ತಾಸು, ಸ್ಟೈಪೆಂಡಿನ ತಾರೀಖು ಇಷ್ಟನ್ನು ಅನುಬಂಧದಲ್ಲಿ ಸೇರಿಸುತ್ತೀರಾ ಎಂದು ಕೇಳಿ. ಸೇರಿಸಿದರೆ ನಂಬರ್ ಕೊಡಿ. "ಮುಂದ ನೋಡೋಣು" ಎಂದರೆ, ಕಮಲಾಪುರದಾಗ ನೆಟ್‌ವರ್ಕ್ ಸಿಗವಲ್ದು, ಊರಿಗೆ ಹೋಗಿ ಕಳಸ್ತೀನ್ರಿ ಎಂದು ಹೇಳಿ ಕಲಬುರಗಿ ಬಸ್ಸು ಹತ್ತಿ.