‘ಇದನ್ನು ಓದಿ ನೋಡಿ ಸಾರ್’

ಕನ್ನಡದಲ್ಲಿ ಪುಸ್ತಕ ಶಿಫಾರಸು ಮಾಡುವವರಿಗೆ ಬರವಿಲ್ಲ. ಬೆನ್ನುಡಿ ಬರೆದವರು ಮಾಡುತ್ತಾರೆ, ಅವರು ಲೇಖಕರ ಸ್ನೇಹಿತರು. ಪ್ರಕಾಶಕರು ಮಾಡುತ್ತಾರೆ, ಅವರ ಗೋದಾಮಿನಲ್ಲಿ ಪ್ರತಿಗಳು ಉಳಿದಿವೆ. ವಿಮರ್ಶಕರು ಮಾಡುತ್ತಾರೆ, ಅವರಿಗೆ ಪ್ರತಿ ಪುಕ್ಕಟೆ ಬಂದಿರುತ್ತದೆ. ಲೇಖಕರಂತೂ ಬಿಡುಗಡೆಯ ದಿನ ‘ನನ್ನದೇನಿಲ್ಲ, ನೀವೇ ಓದಿ ತೀರ್ಮಾನಿಸಬೇಕು’ ಎಂದು ವಿನಯದಿಂದಲೇ ನಮ್ಮ ಜೇಬಿಗೆ ಕೈ ಹಾಕುತ್ತಾರೆ. ಇಷ್ಟು ಜನರ ನಡುವೆ, ಪುಸ್ತಕ ಖರ್ಚಾದರೂ ಆಗದಿದ್ದರೂ ಒಂದು ಕಾಸು ಹುಟ್ಟದವರೆಂದರೆ ಸಾರ್ವಜನಿಕ ಗ್ರಂಥಾಲಯದ ಕೌಂಟರಿನಲ್ಲಿ ಕೂತ ಸಿಬ್ಬಂದಿ. ಓದುವ ವಿಷಯದಲ್ಲಿ ಮೊದಲು ನಂಬಬೇಕಾದದ್ದು ಅವರನ್ನು ಎಂಬುದು ನನ್ನ ವಾದ. ನಾವಾದರೋ ಅವರನ್ನು ಕೇಳುವುದು ಎರಡೇ ಪ್ರಶ್ನೆ: ‘ಪೇಪರ್ ಬಂತಾ?’ ಮತ್ತು ‘ಫ್ಯಾನ್ ಹಾಕ್ತೀರಾ?’

ಅವರನ್ನು ನಂಬಲು ನಿಸ್ಪೃಹತೆಯೊಂದೇ ಕಾರಣವಲ್ಲ, ಸಾಕ್ಷ್ಯವೆಲ್ಲ ಇರುವುದು ಅವರ ಮೇಜಿನ ಮೇಲೆಯೇ. ಪುಸ್ತಕದೊಳಗೆ ಅಂಟಿಸಿದ ತಾರೀಖಿನ ಚೀಟಿಯನ್ನೇ ನೋಡಿ. ಒಂದರಲ್ಲಿ ನೇರಳೆ ಶಾಯಿಯ ಮುದ್ರೆಗಳು ಒಂದರ ಮೇಲೊಂದು ಹತ್ತಿ, ಜಾಗ ಸಾಲದೆ ಅದರ ಮೇಲೆ ಇನ್ನೊಂದು ಚೀಟಿ ಅಂಟಿಸಿರುತ್ತಾರೆ. ಪಕ್ಕದ ಪುಸ್ತಕದ ಚೀಟಿ ಬೆಳ್ಳಗೆ ಹಾಗೇ ಇರುತ್ತದೆ. ಸಗಟು ಖರೀದಿಯಲ್ಲಿ ಬಂದು ಕಪಾಟು ಸೇರಿದ ಅಂಥ ಪುಸ್ತಕವನ್ನು ಪೂರ್ತಿ ಓದಿದವರು ಬಹುಶಃ ಕರಡು ತಿದ್ದಿದವರೊಬ್ಬರೇ, ಅದೂ ಸಂಭಾವನೆಗಾಗಿ. ವಾಪಸು ಬಂದ ಪುಸ್ತಕ ಇನ್ನೂ ಬಾಯಿಬಡುಕ. 17ನೇ ಪುಟದಲ್ಲಿ ಉಳಿದ ಬಸ್ ಟಿಕೆಟು ಓದುಗ ಯಾವ ನಿಲ್ದಾಣದಲ್ಲಿ ಇಳಿದುಹೋದ ಎಂದು ಹೇಳುತ್ತದೆ. 200ನೇ ಪುಟದ ಸಾರಿನ ಕಲೆ, ಊಟದ ಹೊತ್ತಿನಲ್ಲೂ ಅದನ್ನು ಕೆಳಗಿಡಲಾಗಲಿಲ್ಲ ಎಂದು ಚಾಡಿ ಹೇಳುತ್ತದೆ. ‘ಅದೇ, ಓತಿಕ್ಯಾತದ ಪುಸ್ತಕ’ ಎಂದು ಗೊಣಗಿದರೆ ಅನುಭವಿ ಸಿಬ್ಬಂದಿ ತೇಜಸ್ವಿಯವರ ‘ಕರ್ವಾಲೊ’ ತೆಗೆದುಕೊಡುತ್ತಾರೆ. ಅದನ್ನು ಮುಗಿಸಿ ಬಂದು ‘ಇಂಥದ್ದೇ ಇನ್ನೊಂದು ಕೊಡಿ’ ಎಂದವರಿಗೆ ಏನು ಕೊಟ್ಟರೆ ಮುಖ ಅರಳುತ್ತದೆ, ಏನು ಕೊಟ್ಟರೆ ಮರುದಿನವೇ ವಾಪಸು ಬರುತ್ತದೆ ಎಂಬುದೂ ಅವರಿಗೆ ಬಾಯಿಪಾಠ.

‘ಅವರೇ ಓದುವುದಿಲ್ಲವಲ್ಲ’ ಎಂಬುದು ಮೊದಲ ತಕರಾರು. ಇದ್ದೀತು. ಹಳ್ಳಿಯ ಗ್ರಂಥಾಲಯದಲ್ಲಿ ಬಾಗಿಲು ತೆರೆಯುವುದು, ಕಸ ಗುಡಿಸುವುದು, ಪೇಪರು ಜೋಡಿಸುವುದು, ರಿಜಿಸ್ಟರು ತುಂಬುವುದು ಎಲ್ಲ ಒಬ್ಬರದೇ ಕೆಲಸವಾದಾಗ ಓದಲು ಉಳಿಯುವುದು ಪುಸ್ತಕದ ಬೆನ್ನು ಮಾತ್ರ. ಆದರೆ ಗಣಿತದ ಮೇಷ್ಟರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಗ್ರಂಥಪಾಲರು ಎಲ್ಲವನ್ನೂ ಓದಿರಬೇಕೆಂಬ ಸೂತ್ರವೇ ಇಲ್ಲ. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬ ಎರಡು ಸೂತ್ರಗಳಿವೆ. ಆ ಜೋಡಿ ಕೂಡಿಸಲು ಪುಸ್ತಕಗಳಷ್ಟೇ ಓದುಗರ ಪರಿಚಯವೂ ಬೇಕು, ಅದು ಕೌಂಟರಿನಲ್ಲಿ ಕೂತವರಿಗೆ ತಾನಾಗಿ ಬರುತ್ತದೆ. ನಾಲ್ಕನೆಯ ಸೂತ್ರ ಓದುಗನ ಸಮಯ ಉಳಿಸಬೇಕೆನ್ನುತ್ತದೆ. ತಲೆಯೆತ್ತದೆ ‘ಇಲ್ಲ’ ಎಂದುಬಿಟ್ಟು ಇದನ್ನು ಕಟ್ಟುನಿಟ್ಟಾಗಿ ಪಾಲಿಸುವವರೂ ಇದ್ದಾರೆ. ರಂಗನಾಥನ್ ಅವರ ಮನಸ್ಸಿನಲ್ಲಿದ್ದದ್ದು ಅದಾಗಿರಲಾರದು.

ಎರಡನೆಯ ತಕರಾರು ಮೊಬೈಲಿನದು: ಬೆರಳಾಡಿಸಿದರೆ ಅದೇ ಹತ್ತು ಪುಸ್ತಕ ತೋರಿಸುವಾಗ ಇವರೇಕೆ? ಮೊಬೈಲು ತೋರಿಸುವುದು ಮಾರಾಟಕ್ಕಿರುವುದನ್ನು. ಮರುಮುದ್ರಣ ಕಾಣದ ಪ್ರವಾಸ ಕಥನ, ಪ್ರಕಾಶನವೇ ಮುಚ್ಚಿಹೋದ ಕಾದಂಬರಿ ಅದರ ಲೆಕ್ಕಕ್ಕೆ ಹುಟ್ಟೇ ಇಲ್ಲ. ಅವು ಬದುಕಿರುವುದು ಗ್ರಂಥಾಲಯದ ಹಿಂದಿನ ಸಾಲಿನಲ್ಲಿ, ಯಾವ ಕಪಾಟಿನ ಯಾವ ಮೂಲೆ ಎಂಬುದು ಸಿಬ್ಬಂದಿಯ ತಲೆಯಲ್ಲಿ. ‘ಮೊಬೈಲಿಗೆ ನನ್ನ ನಿಜವಾದ ಅಭಿರುಚಿ ಗೊತ್ತು, ಕೌಂಟರಿನಲ್ಲಿ ಸುಳ್ಳು ಹೇಳಬೇಕಾಗುತ್ತದೆ’ ಎನ್ನುವವರೂ ಉಂಟು. ವಚನ ಸಂಪುಟವನ್ನು ಮೇಲಿಟ್ಟು ಪತ್ತೇದಾರಿ ಕಾದಂಬರಿಯನ್ನು ಕೆಳಗಿಟ್ಟು ತರುವವರು ಇವರೇ. ಆದರೆ ಮುದ್ರೆ ಒತ್ತುವವರು ಎರಡನ್ನೂ ತೆರೆಯಲೇಬೇಕಲ್ಲ! ನಾಲ್ಕು ಸಲ ನವೀಕರಿಸಿದ್ದು ಯಾವುದು ಎಂಬುದು ಅವರಿಗೆ ತಿಳಿಯುತ್ತದೆ, ಅವರದನ್ನು ಮನೆಯವರಿಗೆ ಹೇಳುವುದಿಲ್ಲ.

ಇನ್ನೊಬ್ಬರು ಹೇಳಿದ್ದನ್ನು ಓದಿ ಸಮಯ ಹಾಳಾದರೆ ಎಂಬುದು ಕೊನೆಯ ಭಯ. ಅದಕ್ಕೆ ಅಮೆರಿಕದ ಸಿಯಾಟಲ್ ನಗರದಲ್ಲಿ ಗ್ರಂಥಪಾಲಕಿಯಾಗಿದ್ದ ನ್ಯಾನ್ಸಿ ಪರ್ಲ್ ಅವರ ಲೆಕ್ಕವಿದೆ. ಯಾವ ಪುಸ್ತಕಕ್ಕೂ 50 ಪುಟದ ಅವಕಾಶ ಕೊಡಿ, ಹಿಡಿಸದಿದ್ದರೆ ಬಿಡಿ. ವಯಸ್ಸು 50 ದಾಟಿದ್ದರೆ 100ರಲ್ಲಿ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು. ಈ ಪ್ರಕಾರ 70ರ ಅಜ್ಜನವರು 30 ಪುಟಕ್ಕೆ ಮುಕ್ತರು. ನೂರು ತುಂಬಿದವರು ರಟ್ಟು ನೋಡಿಯೇ ತೀರ್ಪು ಕೊಡಬಹುದು. ಪುಸ್ತಕಗಳ ಬಗ್ಗೆ ಮಾತಾಡಿಯೇ ಹೆಸರಾದ ಈಕೆಯ ರೂಪದಲ್ಲಿ 2003ರಲ್ಲಿ ಒಂದು ಬೊಂಬೆ ಮಾರುಕಟ್ಟೆಗೆ ಬಂತು. ಗುಂಡಿ ಒತ್ತಿದರೆ ಅದು ಬೆರಳನ್ನು ತುಟಿಗೊಯ್ದು ‘ಸದ್ದು ಬೇಡ’ ಎಂದು ಸನ್ನೆ ಮಾಡುತ್ತದೆ! ಗ್ರಂಥಾಲಯದವರ ಕೆಲಸ ಬಾಯಿ ಮುಚ್ಚಿಸುವುದು ಎಂದು ಅಲ್ಲಿಯ ಜನರೂ ತಿಳಿದಿದ್ದಾರೆ ಎಂದಾಯಿತು. ನಮ್ಮಲ್ಲಿ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ಕಟ್ಟಿಯೂ ಅವರ ಸಲಹೆ ಕೇಳದಿರುವುದು, ಊಟದ ಟೋಕನ್ ತೆಗೆದುಕೊಂಡು ಬರೀ ನೀರು ಕುಡಿದು ಎದ್ದ ಹಾಗೆ. ಕೇಳುವುದಕ್ಕೂ ಒಂದು ಕ್ರಮವಿದೆ. ‘ಒಳ್ಳೆಯ ಪುಸ್ತಕ ಕೊಡಿ’ ಎಂದರೆ ಪ್ರಶಸ್ತಿ ಬಂದದ್ದು ಸಿಗುತ್ತದೆ. ಹಿಂದೆ ಮೆಚ್ಚಿ ಓದಿದ್ದು ಒಂದು, ಅರ್ಧಕ್ಕೇ ಬಿಟ್ಟದ್ದು ಒಂದು ಹೆಸರಿಸಿ ಕೇಳಿದರೆ ನಿಮಗೆ ತಕ್ಕದ್ದು ಸಿಗುತ್ತದೆ. ಕೊಟ್ಟದ್ದು ರುಚಿಸದಿದ್ದರೆ ಏಕೆಂದು ಹೇಳಿಯೇ ವಾಪಸು ಕೊಡಿ. ಆ ದೂರೇ ಅವರ ಮುಂದಿನ ಸಲಹೆಗೆ ಬಂಡವಾಳ. ಅದರ ಲಾಭ ನಿಮಗಲ್ಲದಿದ್ದರೆ ನಿಮ್ಮ ಹಿಂದೆ ಸಾಲಿನಲ್ಲಿ ನಿಂತವರಿಗಾದರೂ ಆಗುತ್ತದೆ.