ಐದೂಮುಕ್ಕಾಲು ಅಡಿಯ ಗೇಟು

ನಮ್ಮಪ್ಪ ಹನುಮಂತನಗರದಲ್ಲಿ ಮನೆ ಕಟ್ಟಿಸಿದ್ದು 1974ರಲ್ಲಿ. ಗೇಟು ಇಡಿಸುವಾಗ ಅವರ ಕಣ್ಣ ಮುಂದಿದ್ದದ್ದು ಲ್ಯಾಂಬ್ರೆಟಾ ಸ್ಕೂಟರು, ಹೆಚ್ಚೆಂದರೆ ಅದರ ಪಕ್ಕಕ್ಕೊಂದು ಸೈಕಲ್ಲು. ಮಾರುತಿ 800 ಬರಲು ಇನ್ನೂ ಒಂಬತ್ತು ವರ್ಷವಿತ್ತು. ಮೇಷ್ಟ್ರ ಮನೆಯವರೂ ಕಾರು ಕೊಳ್ಳುವ ಕಾಲ ಬರುತ್ತದೆ ಅಂತ ಆಗ ಯಾರಾದರೂ ಹೇಳಿದ್ದರೆ, ಅಪ್ಪ ಅವರಿಗೆ ಕಾಫಿ ಕೊಟ್ಟು ಮೆಲ್ಲಗೆ ಸಾಗಹಾಕುತ್ತಿದ್ದರು. ಹೀಗಾಗಿ ನನ್ನ ಪಾಲಿಗೆ ಬಂದದ್ದು ಐದೂಮುಕ್ಕಾಲು ಅಡಿ ಅಗಲದ ಗೇಟು, ಅದರೊಳಗೆ ಹದಿಮೂರೂವರೆ ಅಡಿ ಉದ್ದದ ಅಂಗಳ, ಅಂಗಳದ ತುದಿಗೆ ಅಮ್ಮನ ತುಳಸಿಕಟ್ಟೆ.

ಕಾರು ಬೇಕಾದದ್ದು ನನ್ನ ಬೆನ್ನಿಗೆ. ಹೆಬ್ಬಾಳದಾಚೆಯ ಆಫೀಸಿಗೆ ಬೈಕಿನಲ್ಲಿ ಹೋಗಿ ಬಂದು ಅದು ಸವೆದಿತ್ತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬೈಕ್ ಮಾರಿಬಿಡಿ ಅಂದರು. ಸಣ್ಣ ಕಾರು, ಸಣ್ಣ ಕಂತು. ವಿಷಯ ಇಷ್ಟೇ.

ಮೊದಲು ಮೈಲೇಜಿನ ಪಟ್ಟಿ ಮಾಡಿದೆ. ಸೆಲೆರಿಯೊದ ಒಂದು ಮಾದರಿ ಲೀಟರಿಗೆ 26.68 ಕಿಲೋಮೀಟರ್ ಕೊಡುತ್ತದಂತೆ. ಆ ಪಾಯಿಂಟ್ ಅರವತ್ತೆಂಟಿನ ಮೇಲೆ ನಾನೂ ಸಹೋದ್ಯೋಗಿಯೂ ಊಟದ ಹೊತ್ತಿನಲ್ಲಿ ಮಾತು ಬಿಡುವಷ್ಟು ಜಗಳವಾಡಿದೆವು. ಆಮೇಲೆ ತಿಳಿಯಿತು, ಈ ಅಂಕಿ ಹುಟ್ಟುವುದು ಪ್ರಯೋಗಾಲಯದಲ್ಲಿ. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಂತಲ್ಲೇ ಸುಮಾರು ಇಪ್ಪತ್ತು ನಿಮಿಷ ಓಡಿಸಿ ಲೆಕ್ಕ ಹಾಕುತ್ತಾರೆ. ಅಲ್ಲಿ ಮಾರ್ಕೆಟ್ ಫ್ಲೈಓವರ್ ಇಲ್ಲ, ಮೇಖ್ರಿ ಸರ್ಕಲ್ ಇಲ್ಲ, ಅಡ್ಡ ನಿಂತ ಬಿಎಂಟಿಸಿ ಬಸ್ಸಿಲ್ಲ. ಅಂಥ ಕಡೆ ನನ್ನನ್ನು ಓಡಿಸಿದರೆ ನಾನೂ ಒಳ್ಳೆಯ ಮೈಲೇಜ್ ಕೊಟ್ಟೇನು.

ಆಟೋಮ್ಯಾಟಿಕ್ ನೋಡೋಣ ಅಂತ ಅಮ್ಮನನ್ನೂ ಕೂರಿಸಿಕೊಂಡು ಟೆಸ್ಟ್ ಡ್ರೈವ್ ಹೋದೆ. ಅಗ್ಗದ ಕಾರುಗಳ ಆಟೋಮ್ಯಾಟಿಕ್ ಅಂದರೆ ಎಎಂಟಿ: ಗೇರ್ ಪೆಟ್ಟಿಗೆ ಹಳೆಯದೇ, ಕ್ಲಚ್ ತುಳಿದು ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಅದು ಗೇರ್ ಬದಲಿಸುವಾಗೆಲ್ಲ ನಮ್ಮ ತಲೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತೂಗುತ್ತಿತ್ತು. ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಛೇರಿಯಲ್ಲಿ ಮುಂದಿನ ಸಾಲಿನವರು ತಲೆದೂಗುವ ಹಾಗೆ ಅಮ್ಮನೂ ನಾನೂ ಚಾಮರಾಜಪೇಟೆಯುದ್ದಕ್ಕೂ ತಲೆದೂಗಿಕೊಂಡು ಹೋದೆವು.

ಇನ್ನು ಭಾವ. ಆಲ್ಟೊ ಅಂದ ಕೂಡಲೇ, "ಇನ್ನೊಂದು ಎಪ್ಪತ್ತು ಸಾವಿರ ಹಾಕಿದ್ರೆ ವ್ಯಾಗನ್‌ಆರ್ ಬರುತ್ತಲ್ಲಯ್ಯಾ" ಅಂದರು. ವ್ಯಾಗನ್‌ಆರ್‌ಗೆ ಒಪ್ಪಿದರೆ ಸ್ವಿಫ್ಟು, ಸ್ವಿಫ್ಟಿಗೆ ತಲೆಯಾಡಿಸಿದರೆ ಬ್ರೆಜಾ. ಕಾಫಿ ಲೋಟ ಖಾಲಿಯಾಗುವಷ್ಟರಲ್ಲಿ ನಾನು ಕ್ರೆಟಾದಲ್ಲಿ ಕೂತಿದ್ದೆ. ರಾಜ್ಯ ಸರ್ಕಾರಕ್ಕೂ ಈ ಏಣಿ ಗೊತ್ತು: ಐದು ಲಕ್ಷದವರೆಗಿನ ಕಾರಿಗೆ ಶೇ 13 ರಸ್ತೆ ತೆರಿಗೆ, ದಾಟಿದರೆ 14, ಹತ್ತು ದಾಟಿದರೆ 17. ಆ ತೆರಿಗೆಯ ಮೇಲೆ ಮತ್ತೆ ಸೆಸ್. ಇಷ್ಟು ತೆತ್ತು ಬರುವ ದೊಡ್ಡ ಗಾಡಿಗಳು ಮಾಡುವುದೇನು? ನಮ್ಮ ಬೀದಿಯಲ್ಲೊಂದು ಇದೆ. ಹಿಮಾಲಯ ಹತ್ತುವ ಶಕ್ತಿಯದಂತೆ. ಗಾಂಧಿ ಬಜಾರಿನಿಂದ ಕೊತ್ತಂಬರಿ ಸೊಪ್ಪು ತರುತ್ತದೆ. ಉಳಿದ ಹೊತ್ತೆಲ್ಲ ಅರ್ಧ ರಸ್ತೆಯನ್ನು ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡು ನಿಂತಿರುತ್ತದೆ. ಬೀದಿಯಲ್ಲಿ ನಿಲ್ಲಿಸುವುದು ನನಗೆ ಸುತಾರಾಂ ಆಗದ್ದು ಅದಕ್ಕೇ.

ಅಂದಮೇಲೆ ಕಾರು ಅಂಗಳದಲ್ಲೇ ಹಿಡಿಸಬೇಕು. ಶೋರೂಮಿನ ದೊಡ್ಡ ಹಾಲಿನಲ್ಲಿ ಎಲ್ಲ ಕಾರೂ ಸಣ್ಣವೇ. ಒಂದು ಭಾನುವಾರ ಟೇಪು ಹಿಡಿದು, ಅಮ್ಮನ ರಂಗೋಲಿ ಡಬ್ಬಿ ಇಳಿಸಿ, ಅಂಗಳದಲ್ಲಿ ಕಾರು ಬಿಡಿಸಲು ಕೂತೆ. 3530 ಮಿಲಿಮೀಟರ್ ಉದ್ದದ ಆಲ್ಟೊ ಕೆ10 ಬಿಳಿಯಲ್ಲಿ, 3565ರ ಎಸ್-ಪ್ರೆಸ್ಸೊ ಹಳದಿಯಲ್ಲಿ, 3655ರ ವ್ಯಾಗನ್‌ಆರ್ ಕೆಂಪಿನಲ್ಲಿ, 3765ರ ಟಿಯಾಗೊ ನೀಲಿಯಲ್ಲಿ. ಎಲ್ಲದರ ಹಿಂಭಾಗ ಗೇಟಿಗೆ, ಮೂತಿ ತುಳಸಿಯ ಕಡೆಗೆ. ಗೆರೆ ಎಳೆದಿದ್ದರೆ ಸಾಕಿತ್ತು. ಆದರೆ ಕೈಗೆ ಹುರುಪು ಬಂದುಬಿಟ್ಟಿತು. ಚಕ್ರ ಬರೆದೆ, ವೈಪರ್ ಬರೆದೆ, ನಂಬರ್ ಪ್ಲೇಟನ್ನೂ ಬರೆದೆ. ಅಮ್ಮ ಸುಮ್ಮನಿರಲಾರದೆ ಬಾನೆಟ್ಟಿನ ಮೇಲೊಂದು ಎಂಟೆಸಳಿನ ಕಮಲ ಬಿಟ್ಟಳು.

ಆಮೇಲೆ ಸೀಟು. ಆಲ್ಟೊ ತಗ್ಗು ಅಂತ ಅದಕ್ಕೆ ಮಣೆ, ವ್ಯಾಗನ್‌ಆರ್‌ಗೆ ಪ್ಲಾಸ್ಟಿಕ್ ಕುರ್ಚಿ. ಅಮ್ಮ ಮಣೆಯ ಮೇಲೆ ಕೂತು, "ಈ ಕಾರಿಂದ ನನ್ನ ಎಬ್ಬಿಸೋಕೆ ಇಬ್ರು ಬೇಕು ಕಣೋ" ಅಂದಳು. ಕುರ್ಚಿಗೆ ಬದಲಾಯಿಸಿದೆವು. ನನ್ನವಳು ಕ್ಯಾರಂ ಬೋರ್ಡು ಎತ್ತಿ ಹಿಡಿದು ಡ್ರೈವರ್ ಕಡೆಯ ಬಾಗಿಲಾದಳು. ಕಾಂಪೌಂಡಿಗೆ ತಗಲುವವರೆಗೆ ತೆರೆದಳು. ಉಳಿದ ಸಂದಿಯಲ್ಲಿ ನಾನು ಹೊಟ್ಟೆ ಎಳೆದುಕೊಂಡು ಇಳಿದೆ, ಹತ್ತಿದೆ, ಮತ್ತೆ ಇಳಿದೆ. "ರೀ, ಬಾಗಿಲಿಗೆ ಕೈ ನೋಯ್ತಿದೆ" ಅಂತ ಬಾಗಿಲು ಹೇಳಿತು.

ಅಷ್ಟರಲ್ಲಿ ಎದುರುಮನೆ ರಾಯರು ಮಗಳ ಮದುವೆಯ ಕರೆಯೋಲೆ ಹಿಡಿದು ಗೇಟು ತೆರೆದರು. "ರಾಯರೇ, ಡಿಕ್ಕಿ! ಡಿಕ್ಕಿ ತುಳೀತಿದೀರಿ!" ಎಂದು ಕೂಗಿದೆ. ಗಾಬರಿಯಲ್ಲಿ ಅವರು ಹಾರಿದ್ದು ನೆಟ್ಟಗೆ ಹಿಂದಿನ ಸೀಟಿಗೆ. ಹೇಗೂ ಬಂದಿದ್ದೀರಿ, ಕಾಲಿಗೆ ಜಾಗ ಸಾಕಾ ನೋಡಿ ಅಂದೆ. ರಾಯರು ಸಭ್ಯರು, ಕೂತರು. ಮೊಣಕಾಲು ನನ್ನ ಕುರ್ಚಿಗೆ ತಗಲುತ್ತದೆ ಅಂದರು. ಮುಂದಕ್ಕೆ ಸರಿದುಕೊಂಡೆ. ಕರೆಯೋಲೆಯನ್ನು ಹಿಂದಿನಿಂದ ನೀಡಿದರು. ನಾನು ತಿರುಗದೆ ಇಸಿದುಕೊಂಡೆ, ಡ್ರೈವ್ ಮಾಡುವವನು ತಿರುಗಬಾರದಲ್ಲ. ನನ್ನವಳು ಕಾಫಿಯನ್ನು ಕಿಟಕಿಯಿಂದಲೇ ಕೊಟ್ಟಳು. ಬಾಯಲ್ಲಿ ನಾನೊಮ್ಮೆ ಹಾರ್ನ್ ಮಾಡಿದೆ ಅಂತ ರಾಯರು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. ಎರಡು ಸಲ ಮಾಡಿದ್ದೆ.

ಕೊನೆಗೆ ಅಮ್ಮ ಎದ್ದು ತುಳಸಿಗೆ ಪ್ರದಕ್ಷಿಣೆ ಹಾಕಿ ನೋಡಿದಳು. ಅವಳಿಗೆ ಒಂದೂಮುಕ್ಕಾಲು ಅಡಿ ಬೇಕು. ಆಲ್ಟೊ ಬಿಟ್ಟಿತು, ವ್ಯಾಗನ್‌ಆರ್ ಒಂದೂವರೆ ಅಡಿ ಮಾತ್ರ ಕೊಟ್ಟಿತು, ಟಿಯಾಗೊದ ಮೂತಿಯ ಮೇಲೆ ಅವಳು ಕಾಲಿಟ್ಟೇಬಿಟ್ಟಳು. ಸೀಟೂ ಎತ್ತರ, ಪ್ರದಕ್ಷಿಣೆಗೂ ಜಾಗ ಅಂದರೆ ಎಸ್-ಪ್ರೆಸ್ಸೊ ಒಂದೇ. ತೀರ್ಮಾನವಾಯಿತು ಅಂದುಕೊಂಡೆ.

ಸಂಜೆ ಅಕ್ಕನ ಮಗ ಬಂದು ಫೋನು ಮುಂದೆ ಹಿಡಿದ. ಗ್ಲೋಬಲ್ ಎನ್‌ಕ್ಯಾಪ್‌ನವರು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗುದ್ದಿಸಿ ನೋಡುವ ಪರೀಕ್ಷೆ. 2020ರಲ್ಲಿ ಎಸ್-ಪ್ರೆಸ್ಸೊಗೆ ಸಿಕ್ಕಿದ್ದು ಸೊನ್ನೆ ಸ್ಟಾರ್, ಟಿಯಾಗೊಗೆ ನಾಲ್ಕು. 2023ರಲ್ಲಿ ಆಲ್ಟೊ ಕೆ10ಕ್ಕೆ ಎರಡು, ವ್ಯಾಗನ್‌ಆರ್‌ಗೆ ಒಂದು. ಈಚೆಗೆ ಆಲ್ಟೊ, ವ್ಯಾಗನ್‌ಆರ್‌ಗಳಿಗೆ ಆರು ಏರ್‌ಬ್ಯಾಗ್ ಬಂದಿವೆ, ನಿಜ. ಬೆಂಗಳೂರಲ್ಲಿ 64ರ ವೇಗ ಕನಸಲ್ಲಿ ಮಾತ್ರ ಅಂತ ನಗಬಹುದಿತ್ತು. ಆದರೆ ಹೆಬ್ಬಾಳ ದಾಟಿದ ಮೇಲಿನ ರಸ್ತೆ ನನಗೆ ಗೊತ್ತು. ಆ ಪರೀಕ್ಷೆಯ ವಿಡಿಯೊದಲ್ಲಿ ಡ್ರೈವರ್ ಸೀಟಿನ ಗೊಂಬೆಯ ತಲೆ ಸ್ಟೀರಿಂಗಿನತ್ತ ಹೋಗುವುದನ್ನು ಅಮ್ಮ ಎರಡನೇ ಸಲ ಹಾಕಿಸಿಕೊಂಡು ನೋಡಿದಳು.

ಅದೇ ಲ್ಯಾಂಬ್ರೆಟಾದ ಮೇಲೆ ನಾವು ನಾಲ್ವರು ಹೋಗುತ್ತಿದ್ದೆವು. ಮುಂದೆ ನಿಂತ ನಾನು, ಅಮ್ಮನ ತೊಡೆಯ ಮೇಲೆ ಅಕ್ಕ, ಯಾರ ತಲೆಗೂ ಹೆಲ್ಮೆಟ್ ಇಲ್ಲ. ರತನ್ ಟಾಟಾ ನ್ಯಾನೊ ಮಾಡಿಸಹೊರಟದ್ದು ಇಂಥ ಸಂಸಾರಗಳನ್ನು ನೋಡಿಯೇ. ಏನೂ ಆಗಲಿಲ್ಲ ಅನ್ನುವುದು ನಮ್ಮ ಅದೃಷ್ಟ. ನಮ್ಮ ಬೀದಿಯ ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಲೀಟರಿಗೆ ಎಷ್ಟು ಎಂದು ಎಲ್ಲ ಶೋರೂಮಿನಲ್ಲೂ ಕೇಳಿದ್ದ ನಾನು, ಗುದ್ದಿದರೆ ಏನು ಎಂದು ಒಂದು ಕಡೆಯೂ ಕೇಳಿರಲಿಲ್ಲ.

"ತುಳಸಿಕಟ್ಟೆ ಒಂದು ಗೇಣು ಹಿಂದೆ ಹೋದ್ರೆ ದೇವ್ರೇನೂ ಬೇಜಾರು ಮಾಡ್ಕೊಳಲ್ಲ" ಅಂದಳು ಅಮ್ಮ. "ಆದ್ರೆ ಪಿತೃಪಕ್ಷ ಕಳೀಲಿ." ಸಣ್ಣ ಕಾರಿನ ಜಿಎಸ್‌ಟಿ ಸೆಸ್ಸೂ ಸೇರಿ ಶೇ 29ರಿಂದ 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ಕ್ಕೆ, ಮಹಾಲಯ ಅಮಾವಾಸ್ಯೆಯ ಮರುದಿನ, ನವರಾತ್ರಿಯ ಪಾಡ್ಯದಂದು. ಹಣಕಾಸು ಇಲಾಖೆಯಲ್ಲೂ ನಮ್ಮಮ್ಮನ ಪಂಚಾಂಗವೇ ತೂಗುತ್ತಿರಬೇಕು.

ಟಿಯಾಗೊ ಬುಕ್ ಮಾಡಿದೆ. ಮಿರರ್ ಮಡಚಿದರೆ ಗೇಟಿನ ಎರಡೂ ಕಡೆ ಒಂದೂವರೆ ಇಂಚು ಉಳಿಯುತ್ತದೆ. ನನ್ನ ಡ್ರೈವಿಂಗಿಗೆ ಅದು ಸಾಲದು. ಕಟ್ಟೆ ಹಿಂದಕ್ಕೆ ತಳ್ಳಲು ಬಂದ ಗಾರೆ ಮೇಸ್ತ್ರಿಗೆ ಗೇಟಿನ ಕಂಬವನ್ನೂ ಒಂದರ್ಧ ಅಡಿ ಸರಿಸು ಮಾರಾಯ ಅಂದೆ. ಅವನು ಕಂಬ ತಟ್ಟಿ ನೋಡಿ, ಟೇಪು ಎಳೆದು, ಕಿವಿಯ ಮೇಲಿನ ಪೆನ್ಸಿಲ್ ತೆಗೆದ.

"ಹೆಂಗೂ ಒಡೀತಿದೀವಿ ಸಾರ್. ಇನ್ನೊಂದು ಎರಡಡಿ ಒಡೆದ್ರೆ ಕ್ರೆಟಾನೇ ಬರುತ್ತಲ್ಲ?"