ಔರಾದ ರೋಡಿನಾಗ ಮಸ್ಟ್ಯಾಂಗ್ ಓಡ್ತದೇನ್ರಿ?

ಬೀದರಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾದ ಕಡೆಯ ಗ್ಯಾರೇಜುಗಳಲ್ಲಿ ಸಂಜೆಯಾಯಿತೆಂದರೆ ರಿಪೇರಿಗಿಂತ ವಾದ ಜಾಸ್ತಿ. ವಿಷಯ ಒಂದೇ: ಸ್ಕಾರ್ಪಿಯೋ ಮೇಲೋ, ಥಾರ್ ಮೇಲೋ? ಅಮೆರಿಕದವರಿಗೂ ಈ ರೋಗ ಹಳೆಯದು. 1964ರಲ್ಲಿ ಫೋರ್ಡ್ ಮಸ್ಟ್ಯಾಂಗ್ ಬಂತು, 1966ರಲ್ಲಿ ಅದರ ಎದುರಿಗೆ ಶೆವರ್ಲೆ ಕಮ್ಯಾರೋ ಇಳಿಯಿತು, ಇಬ್ಬರ ಅಭಿಮಾನಿಗಳೂ ಇಂದಿಗೂ ಮಾತು ಬಿಟ್ಟಿದ್ದಾರೆ. ನಮ್ಮಲ್ಲಿ ಹಾಗಲ್ಲ. ವಾದ ಮುಗಿದ ಮೇಲೆ ಒಂದೇ ಗಾಡಿಯಲ್ಲಿ ಚಹಾಕ್ಕೆ ಹೋಗುತ್ತಾರೆ, ಡೀಸೆಲ್ ಉಳೀತದಲ್ಲ.

ಮಸ್ಟ್ಯಾಂಗ್ ನಮ್ಮ ದೇಶಕ್ಕೂ 2016ರಲ್ಲಿ ಬಂದಿತ್ತು. ಐದು ಲೀಟರಿನ ವಿ-8 ಇಂಜಿನ್ನು, ನಾನೂರರ ಆಸುಪಾಸು ಕುದುರೆ ಶಕ್ತಿ, ಬೆಲೆ ಅರವತ್ತೈದು ಲಕ್ಷ. ಅದರ ಹೊಟ್ಟೆಗೂ ನೆಲಕ್ಕೂ ನಡುವೆ ಹೆಚ್ಚುಕಡಿಮೆ ಹದಿನಾಲ್ಕು ಸೆಂಟಿಮೀಟರು. ಮಾರ್ಗಸೂಚಿ ಪ್ರಕಾರ ರೋಡ್ ಹಂಪಿನ ಎತ್ತರ ಹತ್ತು ಸೆಂಟಿಮೀಟರು. ಲೆಕ್ಕಕ್ಕೆ ದಾಟಬೇಕು. ಆದರೆ ಜನವಾಡಾ ದಾಟಿ ಔರಾದಿನತ್ತ ಹೊರಟರೆ, ಊರವರೇ ಸಿಟ್ಟಿನಲ್ಲಿ ರಾತ್ರೋರಾತ್ರಿ ಕಟ್ಟಿದ ಹಂಪುಗಳೂ ಸಿಗಬಹುದು. ಅವಕ್ಕೆ ಯಾವ ಸೆಂಟಿಮೀಟರೂ ಗೊತ್ತಿಲ್ಲ. ಅರವತ್ತೈದು ಲಕ್ಷ ಅಲ್ಲೇ ತಕ್ಕಡಿಯಂತೆ ತೂಗಾಡುತ್ತ ನಿಲ್ಲುತ್ತದೆ.

ಇನ್ನೊಂದು ತಮಾಷೆ ಕೇಳಿ. ಆ ಮಸ್ಟ್ಯಾಂಗಿನ ಮಾಮೂಲಿ ಮಾಡಲುಗಳಲ್ಲಿ ಐವತ್ತು ವರ್ಷಗಳ ಕಾಲ ಹಿಂಬದಿಯ ಆಕ್ಸಲ್ ಎರಡೂ ಚಕ್ರಕ್ಕೆ ಸೇರಿ ಇಡೀ ಒಂದೇ ಇತ್ತು. ಒಂದು ಚಕ್ರ ತಗ್ಗಿಗೆ ಬಿದ್ದರೆ ಇನ್ನೊಂದೂ ಅಲುಗಬೇಕು. 2015ರ ಮಾಡಲಿಗೆ ಅದು ಬದಲಾಯಿತು. ನಮ್ಮ ಸ್ಕಾರ್ಪಿಯೋ, ಥಾರ್ ಎರಡರದೂ ಇವತ್ತಿಗೂ ಅದೇ ಇಡೀ ಆಕ್ಸಲ್. ತಿರುವಿನಲ್ಲಿ ಹಿಂಬದಿ ಜಿಗಿದರೆ ‘ನಮ್ಮದೂ ಮಸಲ್ ಕಾರೇ ಬಿಡ್ರಿ’ ಎನ್ನಲು ಯಾವ ಅಡ್ಡಿಯೂ ಇಲ್ಲ.

ಈಗ ಖರ್ಚಿನ ಮಾತು. ಕೆಎ-39 ಪ್ಲೇಟಿನ ಭಾಲ್ಕಿ ಹುಡುಗನೊಬ್ಬ ಸ್ಕಾರ್ಪಿಯೋಕ್ಕೆ ಅಲಾಯ್ ಹಾಕಿಸಿದ, ಅಗಲ ಟೈರು ಹಾಕಿಸಿದ, ಇಂಜಿನ್ನಿಗೆ ರೀಮ್ಯಾಪ್ ಮಾಡಿಸಿ ಪಿಕಪ್ ಏರಿಸಿದ, ಸೈಲೆನ್ಸರ್ ಬದಲಿಸಿದ. ಲಕ್ಷ ದಾಟಿತು. ಔರಾದಿನ ಅವನ ಮಾವನ ಮಗ ಸುಮ್ಮನಿರುತ್ತಾನೆಯೇ? ಥಾರನ್ನು ಎರಡಿಂಚು ಎತ್ತರಿಸಿದ. ಮೊದಲೇ ನೆಲದಿಂದ 226 ಮಿಲಿಮೀಟರು ಮೇಲಿರುವ ಗಾಡಿ. ಎತ್ತರಿಸಿದಷ್ಟೂ ಭಾರ ಮೇಲಕ್ಕೆ ಹೋಗಿ ತಿರುವಿನಲ್ಲಿ ವಾಲುತ್ತದೆ. ದೊಡ್ಡ ಟೈರಿಗೆ ಸ್ಪೀಡೋಮೀಟರು ಇದ್ದದ್ದಕ್ಕಿಂತ ಕಡಿಮೆ ವೇಗ ತೋರಿಸುತ್ತದೆ, ಮೈಲೇಜೂ ಬೀಳುತ್ತದೆ. ಚಕ್ರ ಹೊರಗೆ ಚಾಚಿದರೆ ಬೇರಿಂಗಿಗೆ ಕಂಟಕ. ಇಷ್ಟಾಗಿ ಬ್ರೇಕು ಮಾತ್ರ ಕಂಪನಿ ಕೊಟ್ಟದ್ದೇ.

ಮುಂದೆ ಬುಲ್ ಗಾರ್ಡ್ ಬೇರೆ! ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲೇ ಅದನ್ನು ಬೇಡ ಎಂದಿದೆ. ಎದುರಿಗೆ ಬಂದವನಿಗೂ ಪೆಟ್ಟು ಜಾಸ್ತಿ, ಒಳಗಿದ್ದವನ ಏರ್‌ಬ್ಯಾಗೂ ಸಮಯಕ್ಕೆ ಬಿಚ್ಚದಿರಬಹುದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕಂಪನಿ ಮಾಡಿದ ರೂಪವನ್ನೇ ಬದಲಿಸಬೇಡಿ ಎಂದೂ ಹೇಳಿತು. ಈಗ ಮೋಟಾರು ವಾಹನ ಕಾಯ್ದೆಯಲ್ಲಿ ಒಂದೊಂದು ಬದಲಾವಣೆಗೂ ಐದು ಸಾವಿರ ದಂಡ, ಬೇಕಿದ್ದರೆ ಆರು ತಿಂಗಳ ಜೈಲಿನ ಅವಕಾಶವೂ ಇದೆ. ಭಾಲ್ಕಿ ಹುಡುಗನಿಗೆ ಇದನ್ನು ಹೇಳಿದೆ. ಬೆರಳು ಮಡಚಿ ಎಣಿಸಿ, ‘ಹೋಲ್‌ಸೇಲ್ ರೇಟ್ ಇಲ್ಲೇನ್ರಿ ಅಣ್ಣಾ?’ ಎಂದ.

ಸೈಲೆನ್ಸರಿನ ಬಗ್ಗೆ ನನಗೆ ಅವನ ಮೇಲೆ ಕನಿಕರವೇ. ಬೀದರಿನಲ್ಲಿ ಸದ್ದು ಮಾಡಿ ಯಾರನ್ನು ಗೆಲ್ಲುತ್ತೀ? ಇಲ್ಲಿ ವಾಯುಪಡೆಯ ನೆಲೆಯಿದೆ, ಸೂರ್ಯಕಿರಣ ತಂಡದ ಮನೆಯಿದೆ. ನೀನು ನೌಬಾದಿನಲ್ಲಿ ಗೇರು ಬದಲಿಸಿ ಗುಡುಗಿಸುವ ಹೊತ್ತಿಗೆ ತಲೆಯ ಮೇಲೆ ಹಾಕ್ ವಿಮಾನವೊಂದು ಹಾದುಹೋದರೆ ಮುಗೀತು. ಚಹಾದಂಗಡಿಯವನು ಕೂಡ ನಿನ್ನ ಕಡೆ ತಿರುಗುವುದಿಲ್ಲ.

ಗ್ಯಾರೇಜಿನ ಕಾಕಾ ಮಾತು ಕಡಿಮೆ. ಎಣ್ಣೆ ಮೆತ್ತಿದ ಅಂಗೈಯನ್ನು ಸ್ಕಾರ್ಪಿಯೋದ ಒಂದೊಂದು ಮೂಲೆಗೂ ಊರಿ ಮೈಭಾರ ಬಿಟ್ಟು ಒತ್ತಿದರು, ಥಟ್ಟನೆ ಕೈ ತೆಗೆದರು. ಗಾಡಿ ಮೇಲೆದ್ದು, ಇಳಿದು, ಮತ್ತೆ ಎದ್ದು, ಮತ್ತೆ ಇಳಿಯಿತು. ಒಂದೇ ಸಲ ಎದ್ದು ನಿಂತಿದ್ದರೆ ಶಾಕಪ್ ಚೆನ್ನಾಗಿದೆ ಎಂದರ್ಥ.

‘ನಾಕೂ ಹೋಗ್ಯಾವ ತಮ್ಮಾ. ಗಾಡಿ ರೋಡ್ ಹಿಡೀಬೇಕಂದ್ರ ಮೊದಲ ಇವು, ಆಮ್ಯಾಗ ಬ್ರೇಕ್, ಆಮ್ಯಾಗ ಅಲೈನ್ಮೆಂಟ್. ನಿನ್ನ ಅಲಾಯಿಗಿಂತ ಸಸ್ತಾ ಆಗ್ತದ.’

‘ಹಾಕಿಸಿದ್ರ ಹೊರಗ ಕಾಣಸ್ತದೇನ್ರಿ ಕಾಕಾ?’

‘ಶಾಕಪ್ ಹೆಂಗ ಕಾಣಸ್ತದೋ? ಚಕ್ರದ ಹಿಂದ ಇರ್ತದ.’

‘ಹಂಗಾದ್ರ ಮುಂದಿನ ತಿಂಗಳ ನೋಡಮ್ರಿ. ಸದ್ಯ ಆ ಮೇಲಿನ ಲೈಟ್ ಕುಂದರಸ್ರಿ, ನಾಡದು ಹಲಬರ್ಗಾದಾಗ ದೋಸ್ತನ ಮದುವಿ ಅದ.’